ಸ್ಟೀರಿಂಗ್ ಕಂಬದ ಪ್ರತಿಷ್ಠಾಪನೆ
ತೆರೆಯ ಮೇಲೆ ಕಾಣುವ ಈ ಕಂಬವು 1967ರ ಮಾದರಿಯ ಷೆವ್ರೊಲೆ ಕಮಾರೊ ಕಾರಿನದು. ಅಪಘಾತಕಾಲದಲ್ಲಿ ಚಾಲಕನ ಎದೆ ಬಂದಪ್ಪಳಿಸಿದೊಡನೆ ತಾನೇ ಕುಸಿದು ಆಘಾತವನ್ನು ನುಂಗಿಕೊಳ್ಳುವಂತೆ ಇದರ ಹೊರಗವಚವನ್ನು ಜಾಲರಿಯಾಗಿ ರಚಿಸಿ, ಒಳಗಿನ ದಂಡದ ಎರಡು ಭಾಗಗಳನ್ನು ಪ್ಲಾಸ್ಟಿಕ್ ಪಿನ್ನುಗಳಿಂದ ಮಾತ್ರವೇ ಬಂಧಿಸಿರುವುದರಿಂದ, ಜೋಡಿಸುವಾಗ ಅದರ ತುದಿಗೆ ಸುತ್ತಿಗೆಯ ಪೆಟ್ಟು ಕೊಡುವುದು, ಕೈ ಎಷ್ಟೇ ತವಕಿಸಿದರೂ, ಸರ್ವಥಾ ಸಲ್ಲದು. ಮುಂದಿನ ಗಾಲಿಗಳನ್ನು ನೇರವಾಗಿರಿಸಿ, ಕಂಬವನ್ನು ಒಳಗಿನಿಂದ ಫೈರ್‌ವಾಲಿನ ರಂಧ್ರದಲ್ಲಿ ತೂರಿಸಿ, ಕೆಳಗೆ ಸ್ಟೀರಿಂಗ್ ಬಾಕ್ಸಿನ ರಬ್ಬರ್ ಕಪ್ಲಿಂಗಿಗೆ ಸೇರಿಸಿದ ಮೇಲೆ, ಡ್ಯಾಶ್‌ಬೋರ್ಡಿನಡಿಯ ಬೋಲ್ಟುಗಳನ್ನು ಮೊದಲು ಸಡಿಲವಾಗಿಯೇ ಬಿಟ್ಟು, ಆ ಕಪ್ಲಿಂಗ್ ಎಳೆತಕ್ಕಾಗಲಿ ಒತ್ತಡಕ್ಕಾಗಲಿ ಸಿಲುಕದೆ ಸಮವಾಗಿ ಕುಳಿತಿರುವುದನ್ನು ಕಣ್ಣಾರೆ ಕಂಡ ಬಳಿಕವೇ ಅವನ್ನು ಬಿಗಿಮಾಡತಕ್ಕದ್ದು. ಹಾರ್ನು, ಇಂಡಿಕೇಟರುಗಳ ತಂತಿಗಳು ಆಮೇಲಿನ ಮಾತು.