ನಕ್ಷತ್ರದ ವಯಸ್ಸನ್ನು ತಿಳಿಯುವ ಬಗೆ

ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಅದರ ಬ್ರಾಹ್ಮೀ ಲಿಪಿಯ ರೂಪದಿಂದಲೇ ತಜ್ಞರು ಅದರ ಪ್ರಾಚೀನತೆಯನ್ನು ಅರಿಯಬಲ್ಲರು. ನಕ್ಷತ್ರದ ಬೆಳಕೂ ಅಂಥದೊಂದು ಶಾಸನವೇ. ಆ ಬೆಳಕಿನ ರೋಹಿತದಲ್ಲಿ ಕಾಣುವ ಕಪ್ಪು ಗೆರೆಗಳಿಂದ ನಾವು ನಕ್ಷತ್ರದಲ್ಲಿರುವ ಮೂಲವಸ್ತುಗಳನ್ನು ಗುರುತಿಸುತ್ತೇವೆ.

ವಿಶ್ವದ ಆದಿಯಲ್ಲಿದ್ದುದು ಬಹುಮಟ್ಟಿಗೆ ಜಲಜನಕ ಮತ್ತು ಹೀಲಿಯಂ. ಕಬ್ಬಿಣವೇ ಮೊದಲಾದ ಭಾರವಸ್ತುಗಳು ಅನಂತರ ನಕ್ಷತ್ರಗಳಿಂದ ಹುಟ್ಟಿದುವು. ಆದುದರಿಂದ ಕಬ್ಬಿಣ ಕಡಿಮೆಯಿದ್ದಷ್ಟೂ ನಕ್ಷತ್ರವು ಹಳೆಯದಾಗಿರುವ ಸಂಭವ ಹೆಚ್ಚು. ಆದರೆ ಇದು ಸುಳಿವೇ ಹೊರತು ಗಡಿಯಾರವಲ್ಲ.

ಗಡಿಯಾರವಾಗಬಲ್ಲದ್ದು ಯುರೇನಿಯಂ. ಯುರೇನಿಯಂ 238ರ ಅರ್ಧಾಯು ಸುಮಾರು 447 ಕೋಟಿ ವರ್ಷ. ಥೋರಿಯಂ 232ರದು ಸುಮಾರು 1405 ಕೋಟಿ. ಇವುಗಳ ಮೊದಲಿನ ಪ್ರಮಾಣವನ್ನು ಗಣಿಸಿ, ಈಗಿನದರೊಡನೆ ಹೋಲಿಸಿದರೆ ಕಳೆದ ಕಾಲವು ತಿಳಿಯುತ್ತದೆ. 2001ರಲ್ಲಿ ವಿಜ್ಞಾನಿಗಳು ಹೀಗೆ ಸಿಎಸ್ 31082-001 ಎಂಬ ನಕ್ಷತ್ರದ ವಯಸ್ಸು ಸುಮಾರು 1250 ಕೋಟಿ ವರ್ಷವೆಂದೂ, ಅದರಲ್ಲಿ 300 ಕೋಟಿ ವರ್ಷ ಹೆಚ್ಚುಕಡಿಮೆಯಿರಬಹುದೆಂದೂ ಕಂಡುಕೊಂಡರು.