ಬಾಗಿಲ ಬೊಂಬೆ ಮತ್ತು ಹೋತವೇರಿದ ಹೆಂಗಸು

ಹ್ಯಾನ್ಸ್ ಬಾಲ್ಡುಂಗ್ 1510ರಲ್ಲಿ ಮಾಡಿದ ಮರದಚ್ಚಿನ ಚಿತ್ರದಲ್ಲಿ ಮಾಟಗಾತಿಯರು ಗಡಿಗೆಯ ಸುತ್ತ ಕುಳಿತಿದ್ದಾರೆ; ಒಬ್ಬಳು ಹೋತದ ಮೇಲೆ ಹಿಮ್ಮುಖವಾಗಿ ಹಾರುತ್ತಿದ್ದಾಳೆ. ಪುನರುಜ್ಜೀವನದ ಪಾಠಕ್ಕೆ ಇದನ್ನು ಒಯ್ಯುವ ಪ್ರಶಿಕ್ಷಣಾರ್ಥಿ ಬೆಟಗೇರಿಯ ಮನೆಬಾಗಿಲಿನಿಂದ ಶುರುಮಾಡುವುದು ಲೇಸು. ನೆದರು ತಾಗದಿರಲೆಂದು ಕಟ್ಟಿದ ನಿಂಬೆಹಣ್ಣು, ಕೋರೆಹಲ್ಲಿನ ಬೊಂಬೆ ಮಕ್ಕಳಿಗೆ ಗೊತ್ತು. ಲಕ್ಕುಂಡಿ ಗುಡಿಗಳ ಕೀರ್ತಿಮುಖವೂ ಅಂಥದೇ ಕಾವಲಿನ ಮುಖ. ಇವು ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಬಾಲ್ಡುಂಗ್‌ನ ಚಿತ್ರವಾದರೋ ಹೆಂಗಸರತ್ತಲೇ ಬೆರಳು ತೋರಿಸುತ್ತದೆ. ಮುಂದಿನ ಒಂದೂವರೆ ಶತಮಾನದಲ್ಲಿ ಯುರೋಪಿನಲ್ಲಿ ಮಾಟದ ಆರೋಪಕ್ಕೆ ಸಾವಿರಾರು ಜನ ಬಲಿಯಾದರು, ಬಹುಪಾಲು ಹೆಂಗಸರೇ.

‘ಮಾಟ ಖರೇ ಏನ್ರೀ ಸರ್?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಗಬಾರದು, ಅಂದು ಬೆಳಿಗ್ಗೆಯೇ ಅಜ್ಜಿ ನೆದರು ತೆಗೆದು ಕಳಿಸಿರಬಹುದು. ಚಿತ್ರವನ್ನು ಮತ್ತೆ ತೋರಿಸಿ, ‘ಇದನ್ನು ಬರೆದವನು ಅವರನ್ನು ಎಲ್ಲಿ ಕಂಡಿದ್ದ?’ ಎಂದು ತಿರುಗಿ ಕೇಳಬೇಕು.