ಅಂಡಾಣು ಕಟ್ಟಿಡುವ ಬುತ್ತಿ

ಅಂಡಾಣುವಿನೊಳಗೆ ವೀರ್ಯಾಣು ಸೇರಿದ ಕೂಡಲೇ ಭ್ರೂಣ ತನ್ನ ಕಾಲ ಮೇಲೆ ನಿಲ್ಲುವುದಿಲ್ಲ. ಮೊದಲ ಎರಡು ಮೂರು ದಿನ ಅದರ ಸ್ವಂತ ಜೀನ್‌ಗಳು ಹೆಚ್ಚೂಕಡಿಮೆ ಸುಮ್ಮನಿರುತ್ತವೆ. ಮನುಷ್ಯ ಭ್ರೂಣ ನಾಲ್ಕರಿಂದ ಎಂಟು ಕೋಶಗಳಾಗುವ ಹಂತದಲ್ಲಿ ಅವು ಕೆಲಸಕ್ಕಿಳಿಯುತ್ತವೆ ಎಂದು 1988ರಲ್ಲಿ ಬ್ರಿಟನ್ನಿನ ಪೀಟರ್ ಬ್ರಾಡ್ ಮತ್ತು ಸಂಗಡಿಗರು ತೋರಿಸಿದರು. ಅಲ್ಲಿಯವರೆಗಿನ ಬದುಕೆಲ್ಲ ಅಂಡಾಣು ಮೊದಲೇ ಕಟ್ಟಿಟ್ಟ ಬುತ್ತಿಯ ಮೇಲೆ.

ಆ ಬುತ್ತಿಯ ಮಹತ್ವ ತಿಳಿಯಲು ವಿಜ್ಞಾನಕ್ಕೆ ದಶಕಗಳೇ ಹಿಡಿದವು. ಮೊಲದ ಅಂಡಾಣುವನ್ನು ಅಂಡಾಶಯದಿಂದ ಬಿಡಿಸಿ ತೆಗೆದರೆ ಅದು ತಾನಾಗಿಯೇ ಪಕ್ವತೆಯತ್ತ ಸಾಗುತ್ತದೆ ಎಂದು 1935ರಲ್ಲಿ ಗ್ರೆಗರಿ ಪಿಂಕಸ್ ಕಂಡುಕೊಂಡರು. 1965ರಲ್ಲಿ ರಾಬರ್ಟ್ ಎಡ್ವರ್ಡ್ಸ್ ಮನುಷ್ಯರ ಅಂಡಾಣುವನ್ನೂ ಗಾಜಿನ ಪಾತ್ರೆಯಲ್ಲಿ ಪಕ್ವಗೊಳಿಸಿದರು. ಅದಕ್ಕೆ ಸುಮಾರು 36 ಗಂಟೆ ಸಾಕಾಯಿತು. ಆದರೆ 1978ರಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್‌ಗೆ ಮೂಲವಾದದ್ದು ತಾಯಿಯ ದೇಹದಲ್ಲೇ ಮಾಗಿದ ಅಂಡಾಣು. ಪಾತ್ರೆಯಲ್ಲಿ ಅಂಡಾಣುವಿನ ಕೋಶಕೇಂದ್ರ ಸಿದ್ಧವಾದ ಮಾತ್ರಕ್ಕೆ ಭ್ರೂಣವನ್ನು ಸಾಕುವ ಶಕ್ತಿ ಬರುವುದಿಲ್ಲ.

ಆ ಶಕ್ತಿ ಕೂಡಿಬರುವುದು ಅಂಡಾಣು ಬೆಳೆಯುವ ತಿಂಗಳುಗಳಲ್ಲಿ. ಹೆಣ್ಣುಮಗು ಹುಟ್ಟುವ ಮೊದಲೇ ವಿಭಜನೆಯ ನಡುವೆ ತಡೆದು ನಿಂತ ಅಂಡಾಣು, ವರ್ಷಗಳ ನಂತರ ಬೆಳವಣಿಗೆಗೆ ತೊಡಗುತ್ತದೆ. ಸುತ್ತಲಿನ ಕೋಶಗಳು ಅಂಡಾಣುವಿನ ಹೊದಿಕೆಯನ್ನು ತೂರಿ ಸೂಕ್ಷ್ಮ ತೋಳುಗಳನ್ನು ಚಾಚಿ ಪೋಷಕಾಂಶ ದಾಟಿಸುತ್ತವೆ. ಅಂಡಾಣುವೂ ಕೈಕಟ್ಟಿ ಕೂರುವುದಿಲ್ಲ: ಜಿಡಿಎಫ್9 ಎಂಬ ಪ್ರೋಟೀನ್ ಸ್ರವಿಸಿ ಆ ಕೋಶಗಳ ಬೆಳವಣಿಗೆಯನ್ನು ನಡೆಸುತ್ತದೆ. ಈ ಕೊಡುಕೊಳ್ಳುವಿಕೆಯಲ್ಲೇ ಆರ್‌ಎನ್‌ಎ, ಪ್ರೋಟೀನ್, ಲಕ್ಷದಷ್ಟು ಮೈಟೊಕಾಂಡ್ರಿಯಾ ಒಳಗೆ ಜಮೆಯಾಗುತ್ತವೆ. ಬೆಳವಣಿಗೆ ಮುಗಿದಾಗ ಅಂಡಾಣು ತನ್ನ ಜೀನ್‌ಗಳನ್ನು ನಿಲ್ಲಿಸಿಬಿಡುತ್ತದೆ. ಮುಂದೆ ಖರ್ಚೇ ಹೊರತು ಹೊಸ ಗಳಿಕೆ ಕಡಿಮೆ.

ಬುತ್ತಿಯಲ್ಲಿ ಒಂದೇ ಒಂದು ವಸ್ತು ಕೊರತೆಯಾದರೆ ಏನಾದೀತು? 2000ದಲ್ಲಿ ಅಮೆರಿಕದ ಜೂರಿಯನ್ ಡೀನ್ ಅವರ ತಂಡ ಇಲಿಗಳಲ್ಲಿ ‘ಮೇಟರ್’ ಎಂಬ ಜೀನ್ ತೆಗೆದು ನೋಡಿತು. ಆ ಹೆಣ್ಣಿಲಿಗಳು ಆರೋಗ್ಯವಾಗಿದ್ದವು, ಅಂಡಾಣುಗಳು ಫಲಿತವೂ ಆದವು. ಭ್ರೂಣಗಳು ಮಾತ್ರ ಎರಡು ಕೋಶಗಳಲ್ಲೇ ನಿಂತುಹೋದವು. ಅಂಡಾಣುವಿನೊಳಗಿನ ಜಾಲರಿಯಂಥ ಎಳೆಗಳು ಇಂಥ ಜೀನ್‌ಗಳಿಂದಾದ ಪ್ರೋಟೀನ್‌ಗಳನ್ನು ಕಾಪಿಡುತ್ತವೆ ಎಂಬುದನ್ನು 2023ರಲ್ಲಿ ಜರ್ಮನಿಯ ಮೆಲಿನಾ ಶು ಅವರ ತಂಡ ತೋರಿಸಿತು.

ಈ ತಿಳಿವಳಿಕೆ ಈಗ ಮನುಷ್ಯರ ನೋವಿಗೂ ಉತ್ತರ ಕೊಡತೊಡಗಿದೆ. ಐವಿಎಫ್‌ನಲ್ಲಿ ಭ್ರೂಣಗಳು ಮತ್ತೆ ಮತ್ತೆ ಮೊದಲ ದಿನಗಳಲ್ಲೇ ನಿಂತುಹೋಗುತ್ತಿದ್ದ ಕೆಲವು ಮಹಿಳೆಯರಲ್ಲಿ 2015, 2016ರಲ್ಲಿ ಇದೇ ಬುತ್ತಿಗೆ ಬೇಕಾದ ಟಿಎಲ್‌ಇ6, ಪಿಎಡಿಐ6 ಜೀನ್‌ಗಳ ದೋಷ ಪತ್ತೆಯಾಯಿತು. ಕೆಲಸದ ಒತ್ತಡ, ಊಟ, ನಡವಳಿಕೆ ಎಂದು ಹೆಣ್ಣನ್ನೇ ದೂರುವವರು ಇದನ್ನು ತಿಳಿಯಬೇಕು. ಆಕೆ ಹುಟ್ಟುವಾಗಲೇ ಜೊತೆ ಬಂದ ಜೀನ್ ದೋಷಕ್ಕೆ ಆಕೆ ಹೊಣೆಯಲ್ಲ.